ಕಬ್ಬಿಣದ ನೇಗಿಲ ಮಾಡಿದ ಲಕ್ಷ್ಮಣರಾವ್ ಕಿರ್ಲೋಸ್ಕರ್



ನಮ್ಮ ಸಮೀರವಾಡಿಯಲ್ಲಿ ಸಕ್ಕರೆ ಕಾರ್ಖಾನೆ ಇರುವುದರಿಂದ ಲೇಥ್, ವೆಲ್ಡಿಂಗ್ ಎಲ್ಲಾ ನಾವು ನೋಡಿದ್ದೇವೆ. ಆದರೆ ಇಂಥ ಕೆಲಸವನ್ನು ಸಣ್ಣ ಅಂಗಡಿಯಿಂದ ಬೆಳೆಸಿದವರು ನಮ್ಮ ಕಡೆಯವರೇ ಒಬ್ಬರು. ಅವರ ಚರಿತ್ರೆಯನ್ನು ನಾನು ಬರೆಯುತ್ತೇನೆ.

ಲಕ್ಷ್ಮಣರಾವ್ ಅವರು 1869ರ ಜೂನ್ 20ರಂದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು. ಚಿತ್ರಕಲೆ ಕಲಿಯಲು ಮುಂಬಯಿಗೆ ಹೋದರು. ಆದರೆ ಅವರ ಕಣ್ಣಿಗೆ ಕೆಲವು ಬಣ್ಣ ಸರಿಯಾಗಿ ತಿಳಿಯುತ್ತಿರಲಿಲ್ಲ. ಅದಕ್ಕೆ ಯಂತ್ರಗಳ ನಕ್ಷೆ ತೆಗೆಯುವುದನ್ನು ಕಲಿತು ಅಲ್ಲೇ ಮಾಸ್ತರರಾದರು. ತಮಗೆ ಬರಬೇಕಾದ ಬಡ್ತಿ ಬೇರೆಯವರಿಗೆ ಹೋದಾಗ ನೌಕರಿ ಬಿಟ್ಟರು. ಬೆಳಗಾವಿಯಲ್ಲಿ ಅಣ್ಣನ ಜೊತೆ ಸೈಕಲ್ ಅಂಗಡಿ ನಡೆಸಿದರು. ಅಲ್ಲಿಂದಲೇ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲ ಮಾಡತೊಡಗಿದರು.

ಕಬ್ಬಿಣದ ಭಾಗವನ್ನು ಎರಡು ರೀತಿ ಮಾಡಬಹುದು. ಒಂದು ಎರಕ. ಮರದ ಅಚ್ಚನ್ನು ಉಸುಕಿನಲ್ಲಿ ಒತ್ತಿ ತೆಗೆದು, ಆ ಕುಳಿಯಲ್ಲಿ ಕರಗಿದ ಕಬ್ಬಿಣ ಹೊಯ್ಯಬೇಕು. ಇನ್ನೊಂದು, ಲೇಥ್ ಮ್ಯಾಲೆ ಹಚ್ಚಿ ಕಡೆಯುವುದು. ಕಡೆದರೆ ಅಳತೆ ಕೂದಲೆಳೆಯಷ್ಟೂ ತಪ್ಪುವುದಿಲ್ಲ. ಆದರೆ ಒಂದೊಂದಕ್ಕೂ ಅಷ್ಟೇ ಹೊತ್ತು ಹಿಡೀತದ, ಕಬ್ಬಿಣವೂ ಚೂರಾಗಿ ಹೋಗ್ತದ. ಎರಕದಲ್ಲಿ ಒಂದೇ ಅಚ್ಚಿನಿಂದ ನೂರು ತೆಗೆಯಬಹುದು. ಹೀಗಾಗಿ ನೇಗಿಲದ ಬಾಗಿದ ಭಾಗಕ್ಕೆ ಎರಕವೇ ಬೇಕು, ತಿರುಗುವ ಅಚ್ಚುಗಂಬಿಗೆ ಲೇಥ್ ಬೇಕು. ಆದರೆ ಎರಕದ ಕಬ್ಬಿಣ ಜೋರಾಗಿ ಪೆಟ್ಟು ಬಿದ್ದರೆ ಒಡೀತದ.

ಕಬ್ಬಿಣ ತಾಗಿದರೆ ಹೊಲಕ್ಕೆ ವಿಷವಾಗುತ್ತದೆ ಎಂದು ರೈತರು ಹೆದರಿದರು. ಮೊದಲ ನೇಗಿಲ ಮಾರಲು ಎರಡು ವರ್ಷ ಬೇಕಾಯಿತು! ಅಷ್ಟರಲ್ಲಿ ಬೆಳಗಾವಿಯ ಜಾಗವನ್ನೂ ಖಾಲಿ ಮಾಡಬೇಕಾಯಿತು. ಎರಕದ ಭಟ್ಟಿಗೆ ಜಾಗ ಬೇಕೇ ಬೇಕು. ಆಗ ಔಂಧದ ರಾಜರು 32 ಎಕರೆ ಭೂಮಿ ಮತ್ತು 10,000 ರೂಪಾಯಿ ಸಾಲ ಕೊಟ್ಟರು. 1910ರಲ್ಲಿ ಕಿರ್ಲೋಸ್ಕರವಾಡಿ ಹುಟ್ಟಿತು. ಅದು ಈಗಿನ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿದೆ.

ಮೊದಲ ಮಹಾಯುದ್ಧದಲ್ಲಿ ಹೊರದೇಶದ ಕಬ್ಬಿಣ ಬರುವುದು ನಿಂತಿತು. ಕೊಲ್ಲಾಪುರದ ಶಾಹು ಮಹಾರಾಜರು ಹಳೆಯ ತೋಪುಗಳನ್ನು ಕೊಟ್ಟರು. ಅವನ್ನು ಕರಗಿಸಿ ನೇಗಿಲ ಮಾಡಿದರು. ಯುದ್ಧದ ತೋಪು ಹೊಲ ಉಳುವಂತಾಯಿತು. ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ ಇದೇ. ಕಡೆದು ತೆಗೆದ ಚೂರನ್ನು ಮತ್ತೆ ಕೂಡಿಸಲು ಆಗುವುದಿಲ್ಲ, ಕರಗಿಸಿದರೆ ಮಾತ್ರ ಹಳೆಯದು ಹೊಸದಾಗುತ್ತದೆ.

1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇಥ್ ಯಂತ್ರಗಳೇ ತಯಾರಾದವು. ಈಗ ಅದು ಮುಚ್ಚಿದೆ. ಲಕ್ಷ್ಮಣರಾವ್ ಅವರು 1956ರ ಸೆಪ್ಟೆಂಬರ್ 26ರಂದು ತೀರಿಕೊಂಡರು.

ಗೆಳೆಯರೇ, ದೊಡ್ಡ ಯಂತ್ರ ಇಲ್ಲ ಅಂತ ಸುಮ್ಮನೆ ಕೂಡಬಾರದು. ಯಾವ ಕೆಲಸಕ್ಕೆ ಯಾವ ರೀತಿ ಸರಿ ಎಂದು ತಿಳಿದು ಕೈ ಹಚ್ಚಬೇಕು.

— ಏಳನೆಯ ಇಯತ್ತೆಯ ವಿದ್ಯಾರ್ಥಿ