ತುಟಿಯ ಗುಳ್ಳೆಯಲ್ಲಿ ಸಮಾಜವನ್ನು ಕಂಡ ವಿಜ್ಞಾನಿ

ಜ್ವರ ಬಂದು ಬಿಟ್ಟಾಗ, ಬಿಸಿಲಿನಲ್ಲಿ ಅಲೆದಾಗ, ದೇಹ ಮನಸ್ಸುಗಳು ದಣಿದಾಗ ತುಟಿಯಂಚಿನಲ್ಲಿ ಮೂಡುವ ನೀರ್ಗುಳ್ಳೆಗಳನ್ನು ಯಾರೂ ದೊಡ್ಡ ಕಾಯಿಲೆಯೆಂದು ಎಣಿಸುವುದಿಲ್ಲ. ಒಂದೆರಡು ವಾರದಲ್ಲಿ ಒಣಗಿ ಮರೆಯಾಗುವ ಅವು ಕೆಲವು ತಿಂಗಳ ನಂತರ ಅದೇ ಜಾಗದಲ್ಲಿ ಮತ್ತೆ ಏಳುತ್ತವೆ. ಇವುಗಳಿಗೆ ಕಾರಣ ಹರ್ಪಿಸ್ ಸಿಂಪ್ಲೆಕ್ಸ್ ಎಂಬ ವೈರಾಣುವಿನ ಒಂದನೆಯ ಬಗೆ. ನಮ್ಮಲ್ಲಿ ಸರ್ಪಸುತ್ತು ಎಂದು ಕರೆಯುವ ರೋಗವನ್ನು ತರುವುದು ಇದೇ ಕುಟುಂಬಕ್ಕೆ ಸೇರಿದ ಇನ್ನೊಂದು ವೈರಾಣು. ಎರಡೂ ಒಂದೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2020ನೇ ಇಸವಿಗೆ ಮಾಡಿರುವ ಅಂದಾಜಿನಂತೆ ಐವತ್ತು ವರ್ಷದೊಳಗಿನ 380 ಕೋಟಿ ಜನರಲ್ಲಿ, ಅಂದರೆ ಆ ವಯೋಮಾನದವರ ಪೈಕಿ ಶೇ 64ರಷ್ಟು ಮಂದಿಯಲ್ಲಿ, ಈ ಮೊದಲ ಬಗೆಯ ಸೋಂಕು ನೆಲೆಸಿದೆ.

ಇಷ್ಟು ವ್ಯಾಪಕವಾದ ಸೋಂಕು ಎಲ್ಲ ಜನಸಮುದಾಯಗಳಲ್ಲೂ ಒಂದೇ ಪ್ರಮಾಣದಲ್ಲಿಲ್ಲ. ಬಡವರಲ್ಲಿ ಹೆಚ್ಚು, ಉಳ್ಳವರಲ್ಲಿ ಕಡಿಮೆ ಎಂಬ ಈ ಅಂತರವನ್ನು ಪ್ರಯೋಗಾಲಯದಲ್ಲಿ ಅಳೆದು ತೋರಿಸಿ, ಅದರ ಅರ್ಥವನ್ನು ಬಿಡಿಸಲು ಯತ್ನಿಸಿದವರಲ್ಲಿ ಮೊದಲಿಗರು ಆಸ್ಟ್ರೇಲಿಯಾದ ಫ್ರಾಂಕ್ ಮ್ಯಾಕ್‌ಫರ್ಲೇನ್ ಬರ್ನೆಟ್. ನೊಬೆಲ್ ಪ್ರಶಸ್ತಿ ಪಡೆದ ರೋಗನಿರೋಧ ವಿಜ್ಞಾನಿಯೆಂದು ಜಗತ್ತು ಅವರನ್ನು ನೆನೆಯುತ್ತದೆ. ಅವರ ಬದುಕಿನ ಈ ಇನ್ನೊಂದು ಅಧ್ಯಾಯ ಅಷ್ಟಾಗಿ ಚರ್ಚೆಗೆ ಬಂದಿಲ್ಲ.

ಬರ್ನೆಟ್ 1899ರ ಸೆಪ್ಟೆಂಬರ್ 3ರಂದು ವಿಕ್ಟೋರಿಯಾ ಪ್ರಾಂತ್ಯದ ಟ್ರಾರಲ್ಗನ್ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ತಂದೆ ಸ್ಕಾಟ್ಲೆಂಡಿನಿಂದ ವಲಸೆ ಬಂದಿದ್ದ ಬ್ಯಾಂಕ್ ವ್ಯವಸ್ಥಾಪಕರು. ಏಳು ಮಕ್ಕಳಲ್ಲಿ ಎರಡನೆಯವರಾದ ಬರ್ನೆಟ್ ಸಂಕೋಚ ಸ್ವಭಾವದ ಹುಡುಗ. ಗೆಳೆಯರ ಗುಂಪಿಗಿಂತ ಅವರಿಗೆ ದುಂಬಿ, ಜೀರುಂಡೆಗಳ ಸಹವಾಸವೇ ಪ್ರಿಯವಾಗಿತ್ತು. ಕೀಟಗಳನ್ನು ಹಿಡಿದು, ವಿಂಗಡಿಸಿ, ಅವು ಎಲ್ಲಿ ಹೇಗೆ ಬಾಳುತ್ತವೆಂದು ಗುರುತು ಮಾಡಿಕೊಳ್ಳುವ ಆ ಹವ್ಯಾಸ ಮುಂದೆ ಅವರ ವಿಜ್ಞಾನದ ರೀತಿಯೇ ಆಯಿತು. ಮೆಲ್ಬರ್ನ್ ವಿಶ್ವವಿದ್ಯಾಲಯದಲ್ಲಿ 1922ರಲ್ಲಿ ವೈದ್ಯಕೀಯ ಪದವಿ ಪಡೆದ ಅವರು ರೋಗಿಗಳ ಹಾಸಿಗೆಯ ಪಕ್ಕಕ್ಕಿಂತ ಪ್ರಯೋಗಾಲಯವೇ ತಮಗೆ ತಕ್ಕ ಜಾಗವೆಂದು ಕಂಡುಕೊಂಡು, ಅದೇ ನಗರದ ವಾಲ್ಟರ್ ಅಂಡ್ ಎಲಿಜಾ ಹಾಲ್ ಸಂಶೋಧನಾ ಸಂಸ್ಥೆಯನ್ನು ಸೇರಿದರು. 1925ರಿಂದ ಎರಡು ವರ್ಷ ಲಂಡನ್ನಿನ ಲಿಸ್ಟರ್ ಸಂಸ್ಥೆಯಲ್ಲಿ ಸಂಶೋಧನೆ ನಡೆಸಿ ಮರಳಿದರು.

1928ರ ಜನವರಿಯಲ್ಲಿ ಕ್ವೀನ್ಸ್‌ಲ್ಯಾಂಡಿನ ಬಂಡಬರ್ಗ್ ಪಟ್ಟಣದಲ್ಲಿ ಡಿಫ್ತೀರಿಯಾ ಲಸಿಕೆ ಹಾಕಿಸಿಕೊಂಡ 21 ಮಕ್ಕಳಲ್ಲಿ 12 ಮಕ್ಕಳು ಅಸುನೀಗಿದರು. ದೇಶವೇ ತಲ್ಲಣಿಸಿದ ಆ ಪ್ರಕರಣದ ತನಿಖೆಯಲ್ಲಿ ಪ್ರಯೋಗಾಲಯದ ಹೊಣೆ ಬರ್ನೆಟ್ ಅವರ ಪಾಲಿಗೆ ಬಂದಿತು. ದೋಷ ಲಸಿಕೆಯ ತತ್ತ್ವದಲ್ಲಿರಲಿಲ್ಲ. ಲಸಿಕೆಯ ಸೀಸೆಯೊಳಗೆ ಸ್ಟೆಫಿಲೊಕಾಕಸ್ ಬ್ಯಾಕ್ಟೀರಿಯಾ ಸೇರಿ ಬೆಳೆದಿದ್ದವು ಎಂಬುದು ಪರೀಕ್ಷೆಗಳಿಂದ ತಿಳಿಯಿತು. ಆ ಬಳಿಕ 1932-33ರಲ್ಲಿ ಮತ್ತೆ ಲಂಡನ್ನಿಗೆ ತೆರಳಿದ ಅವರು ಕೋಳಿಮೊಟ್ಟೆಯೊಳಗಿನ ಭ್ರೂಣದಲ್ಲಿ ವೈರಾಣುಗಳನ್ನು ಬೆಳೆಸುವ ವಿಧಾನವನ್ನು ಕೈವಶ ಮಾಡಿಕೊಂಡು, ಮೆಲ್ಬರ್ನಿಗೆ ಹಿಂದಿರುಗಿ ಅದನ್ನು ಬೆಳೆಸಿದರು. ಇನ್‌ಫ್ಲುಯೆಂಜಾ ಲಸಿಕೆಯ ತಯಾರಿಕೆ ಇಂದಿಗೂ ಬಹುಮಟ್ಟಿಗೆ ಕೋಳಿಮೊಟ್ಟೆಯನ್ನೇ ಅವಲಂಬಿಸಿದೆ.

ಹರ್ಪಿಸ್ ಅಧ್ಯಯನಕ್ಕೂ ಈ ಮೊಟ್ಟೆಯೇ ಸಾಧನವಾಯಿತು. ವೈರಾಣುವನ್ನು ಭ್ರೂಣದ ಪೊರೆಯ ಮೇಲೆ ಬಿಟ್ಟರೆ ಬಿಳಿಯ ಚುಕ್ಕೆಗಳು ಏಳುತ್ತವೆ. ವೈರಾಣುವಿನೊಡನೆ ಮನುಷ್ಯನ ರಕ್ತಸಾರವನ್ನು ಬೆರೆಸಿದಾಗ ಚುಕ್ಕೆಗಳು ಏಳದೆ ಹೋದರೆ ಆ ರಕ್ತದಲ್ಲಿ ಪ್ರತಿಕಾಯಗಳಿವೆ, ಅರ್ಥಾತ್ ಆ ವ್ಯಕ್ತಿಗೆ ಹಿಂದೆಂದೋ ಸೋಂಕು ತಗುಲಿದೆ ಎಂದಾಯಿತು. ಬರ್ನೆಟ್ ತಮ್ಮ ಸಹೋದ್ಯೋಗಿ ಡೋರಾ ಲಶ್ ಅವರೊಡಗೂಡಿ ಈ ಪರೀಕ್ಷೆಗಳ ಫಲಿತಾಂಶವನ್ನು 1939ರಲ್ಲಿ ಪ್ರಕಟಿಸಿದರು. ಅದೇ ವರ್ಷ ವಿಲಿಯಮ್ಸ್ ಎಂಬ ವೈದ್ಯರೊಡನೆ ಮತ್ತೊಂದು ಪ್ರಬಂಧವನ್ನೂ ಬರೆದರು. ಸಾರ್ವಜನಿಕ ಆಸ್ಪತ್ರೆಗೆ ಬರುವ ಬಡ ವಯಸ್ಕರಲ್ಲಿ ಬಹುಪಾಲು ಮಂದಿಗೆ ಪ್ರತಿಕಾಯಗಳಿದ್ದವು. ವಿಶ್ವವಿದ್ಯಾಲಯದ ಶಿಕ್ಷಣ ಪಡೆದ ಅನುಕೂಲಸ್ಥರಲ್ಲಿ ಆ ಪ್ರಮಾಣ ಬಹಳ ಕಡಿಮೆಯಿತ್ತು.

ಒಂದೇ ನಗರದ, ಒಂದೇ ಹವೆಯ, ಬಹುತೇಕ ಒಂದೇ ಮೂಲದ ಜನರ ನಡುವೆ ಇಂಥ ಅಂತರ ಏಕೆ? ಬಡತನವು ರಕ್ತದ ಗುಣವನ್ನು ಬದಲಿಸುವುದಿಲ್ಲ. ಆದರೆ ಮಗುವಿನ ಬಾಲ್ಯ ಹೇಗೆ ಕಳೆಯುತ್ತದೆಂಬುದನ್ನು ನಿರ್ಧರಿಸುತ್ತದೆ. ಇಕ್ಕಟ್ಟಾದ ಮನೆ, ಹಂಚಿಕೊಂಡ ಹಾಸಿಗೆ, ಒಬ್ಬರ ಮಡಿಲಿನಿಂದ ಇನ್ನೊಬ್ಬರ ಮಡಿಲಿಗೆ ಹೋಗುವ ಕೂಸು, ಹಿರಿಯರ ಮುತ್ತು: ಇವೇ ವೈರಾಣುವಿನ ದಾರಿಗಳು. ತಾಯಿಯಿಂದ ಬಂದ ಪ್ರತಿಕಾಯಗಳು ಮೊದಲ ಕೆಲವು ತಿಂಗಳು ಶಿಶುವನ್ನು ಕಾಯುತ್ತವೆ. ಆ ರಕ್ಷಣೆ ಕುಂದಿದ ನಂತರದ ಎಳೆಯ ವರ್ಷಗಳಲ್ಲಿ ಸೋಂಕು ತಗುಲುತ್ತದೆ. ಕೆಲವು ಮಕ್ಕಳಿಗೆ ಬಾಯಿಹುಣ್ಣು, ಜ್ವರ ಬರುತ್ತವೆ; ಹೆಚ್ಚಿನವರಲ್ಲಿ ಯಾವ ಲಕ್ಷಣವೂ ಕಾಣುವುದಿಲ್ಲ. ಆ ಬಳಿಕ ವೈರಾಣು ದೇಹವನ್ನು ತೊರೆಯುವುದೇ ಇಲ್ಲ. ವಯಸ್ಕರ ತುಟಿಯ ಗುಳ್ಳೆ ಹೊಸದಾಗಿ ಅಂಟಿದ ರೋಗವಲ್ಲ, ಬಾಲ್ಯದಲ್ಲಿ ಒಳಹೊಕ್ಕ ಅತಿಥಿ ಮತ್ತೆ ಎಚ್ಚೆತ್ತ ಸೂಚನೆ ಎಂಬ ನಿಲುವನ್ನು ಬರ್ನೆಟ್ ಮುಂದಿಟ್ಟರು. ಅದು ನರಗಂಟುಗಳಲ್ಲಿ ಅಡಗಿರುತ್ತದೆಂಬುದಕ್ಕೆ ಪ್ರಯೋಗಗಳ ಸಾಕ್ಷ್ಯ 1970ರ ದಶಕದಲ್ಲಿ ದೊರೆಯಿತು.

ಪರಾವಲಂಬಿಯು ತನಗೆ ಆಶ್ರಯ ಕೊಟ್ಟವನನ್ನು ಕೊಂದರೆ ತಾನೂ ಅಳಿಯುತ್ತದೆ. ಕೊಲ್ಲದೆ ಬಾಳಿದರೆ ತಲೆಮಾರುಗಳ ಕಾಲ ಉಳಿಯುತ್ತದೆ. ಕೀಟಗಳನ್ನು ನೋಡಿ ಬೆಳೆದ ಬರ್ನೆಟ್ ಅವರಿಗೆ ಸೋಂಕು ಎಂದರೆ ಎರಡು ಜೀವಿಗಳ ನಡುವಿನ ಹೊಂದಾಣಿಕೆಯ ಕಥೆಯಾಗಿತ್ತು. 1940ರಲ್ಲಿ ಪ್ರಕಟವಾದ, ಸಾಂಕ್ರಾಮಿಕ ರೋಗಗಳ ಜೈವಿಕ ಮುಖಗಳನ್ನು ಕುರಿತ ಅವರ ಗ್ರಂಥ ಈ ದೃಷ್ಟಿಯನ್ನು ವೈದ್ಯಲೋಕದಾಚೆಗೂ ಕೊಂಡೊಯ್ದಿತು.

ಮುಂದಿನ ವರ್ಷಗಳು ಯಶಸ್ಸಿನವು, ನೋವಿನವೂ ಹೌದು. 1943ರಲ್ಲಿ ಸ್ಕ್ರಬ್ ಟೈಫಸ್ ಕುರಿತ ಪ್ರಯೋಗದ ವೇಳೆ ಸೂಜಿ ಬೆರಳಿಗೆ ಚುಚ್ಚಿ, ಡೋರಾ ಲಶ್ ತಮ್ಮ 32ನೇ ವಯಸ್ಸಿನಲ್ಲಿ ತೀರಿಕೊಂಡರು. 1944ರಲ್ಲಿ ಬರ್ನೆಟ್ ಸಂಸ್ಥೆಯ ನಿರ್ದೇಶಕರಾದರು. ಹಾರ್ವರ್ಡ್ ವಿಶ್ವವಿದ್ಯಾಲಯದ ಆಹ್ವಾನವನ್ನು ನಿರಾಕರಿಸಿ ಸ್ವದೇಶದಲ್ಲೇ ಉಳಿದರು. 1951ರಲ್ಲಿ ಮೊಲಗಳ ಹಾವಳಿ ತಡೆಯಲು ಬಿಡಲಾಗಿದ್ದ ಮಿಕ್ಸೋಮಾ ವೈರಾಣುವೇ ಜನರಲ್ಲಿ ಮಿದುಳುರಿತ ಉಂಟುಮಾಡುತ್ತಿದೆಯೆಂಬ ಭೀತಿ ಹಬ್ಬಿದಾಗ, ಬರ್ನೆಟ್ ಹಾಗೂ ಇನ್ನಿಬ್ಬರು ವಿಜ್ಞಾನಿಗಳು ಆ ವೈರಾಣುವನ್ನು ತಮ್ಮ ದೇಹಕ್ಕೇ ಚುಚ್ಚಿಕೊಂಡು ಅದು ಮನುಷ್ಯರಿಗೆ ನಿರಪಾಯಕರವೆಂದು ತೋರಿಸಿದರು. ಪ್ರತಿಕಾಯಗಳನ್ನು ತಯಾರಿಸುವ ಜೀವಕೋಶಗಳು ಹೇಗೆ ಆಯ್ಕೆಗೊಂಡು ವೃದ್ಧಿಯಾಗುತ್ತವೆಂಬ ಅವರ ಸಿದ್ಧಾಂತ 1957ರಲ್ಲಿ ಹೊರಬಂದಿತು. 1960ರಲ್ಲಿ ಪೀಟರ್ ಮೆಡಾವರ್ ಅವರೊಂದಿಗೆ ನೊಬೆಲ್ ಪ್ರಶಸ್ತಿ ಸಂದಿತು.

ಈ ಉಜ್ವಲ ಬದುಕಿನ ಮೇಲೆ ಒಂದು ಕಪ್ಪು ನೆರಳೂ ಇದೆ. 1947ರಿಂದಾಚೆಗೆ ಬರ್ನೆಟ್ ಆಸ್ಟ್ರೇಲಿಯಾದ ರಕ್ಷಣಾ ಇಲಾಖೆಗೆ ಜೈವಿಕ ಯುದ್ಧದ ವಿಷಯದಲ್ಲಿ ಸಲಹೆಗಾರರಾಗಿದ್ದರು. ಜನಸಂಖ್ಯೆ ಕಿಕ್ಕಿರಿದ ಏಷ್ಯಾದ ದೇಶಗಳಿಂದ ಆಕ್ರಮಣದ ಭೀತಿ ಎದುರಾದರೆ ಅಲ್ಲಿನ ಬೆಳೆಗಳನ್ನು ನಾಶಪಡಿಸುವ, ಉಷ್ಣವಲಯದಲ್ಲಷ್ಟೇ ಹರಡಬಲ್ಲ ರೋಗಗಳನ್ನು ಬಿತ್ತುವ ಸಾಧ್ಯತೆಯನ್ನು ಅವರು ಗೋಪ್ಯ ಟಿಪ್ಪಣಿಗಳಲ್ಲಿ ಮುಂದಿಟ್ಟಿದ್ದರೆಂಬುದು ಅವರು ಗತಿಸಿದ ಬಹುಕಾಲದ ನಂತರ ಬಹಿರಂಗವಾಯಿತು. ಸರ್ಕಾರಿ ಕಡತಗಳ ನಡುವೆ ವೃತ್ತಿಜೀವನ ಕಳೆದ ನನ್ನಂಥವನಿಗೆ ಇದು ಬರೀ ಕುತೂಹಲದ ಸಂಗತಿಯಲ್ಲ. ಇಕ್ಕಟ್ಟಿನಲ್ಲಿ ಬಾಳುವವರಿಗೆ ಸೋಂಕು ಹೆಚ್ಚು ಎಂಬ ಒಂದೇ ತಿಳಿವಳಿಕೆ ಒಂದು ಕಡತದಲ್ಲಿ ವಸತಿ ಯೋಜನೆಗೆ ಆಧಾರವಾಗಬಹುದು, ಇನ್ನೊಂದರಲ್ಲಿ ಆಯುಧವಾಗಬಹುದು. ಅಂಕಿಅಂಶಗಳಿಗೆ ತಮ್ಮದೇ ಆದ ಅಂತಃಕರಣವಿಲ್ಲ. ಅದನ್ನು ಓದುವವರು ತರಬೇಕು.

ಬರ್ನೆಟ್ ಅವರ ದೂರದೃಷ್ಟಿಗೂ ಮಿತಿಯಿತ್ತು. ಸಾಂಕ್ರಾಮಿಕ ರೋಗಗಳ ಭವಿಷ್ಯ ನೀರಸವಾಗಿರುವ ಸಂಭವವೇ ಹೆಚ್ಚೆಂದು 1972ರಲ್ಲಿ ಅವರು ಸಹಲೇಖಕರೊಡನೆ ಅಭಿಪ್ರಾಯಪಟ್ಟಿದ್ದರು. ಒಂಬತ್ತೇ ವರ್ಷಗಳಲ್ಲಿ ಏಡ್ಸ್ ಕಾಣಿಸಿಕೊಂಡಿತು. ಮುಖ್ಯವಾಗಿ ಲೈಂಗಿಕ ಸಂಪರ್ಕದಿಂದ ಹರಡುವ ಹರ್ಪಿಸ್‌ನ ಎರಡನೆಯ ಬಗೆಯು ಎಚ್‌ಐವಿ ತಗುಲುವ ಅಪಾಯವನ್ನು ಸುಮಾರು ಮೂರು ಪಟ್ಟು ಹೆಚ್ಚಿಸುತ್ತದೆಂಬುದು ಮುಂದೆ ತಿಳಿದುಬಂದಿತು. 1985ರ ಆಗಸ್ಟ್ 31ರಂದು ಬರ್ನೆಟ್ ಕ್ಯಾನ್ಸರ್‌ನಿಂದ ನಿಧನರಾದರು.

ಅವರು ಮೆಲ್ಬರ್ನಿನಲ್ಲಿ ಕಂಡ ಅಂತರ ಈಗ ಭೂಪಟದ ಮೇಲೆ ಹರಡಿದೆ. ಮೊದಲ ಬಗೆಯ ಸೋಂಕು 2016ರ ಅಂದಾಜಿನಂತೆ ಆಫ್ರಿಕಾದಲ್ಲಿ ಶೇ 88, ಅಮೆರಿಕ ಖಂಡಗಳಲ್ಲಿ ಶೇ 45. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 14ರಿಂದ 49 ವಯಸ್ಸಿನವರಲ್ಲಿ ಅದು 1999-2000ದಲ್ಲಿ ಶೇ 59.4ರಷ್ಟಿದ್ದುದು 2015-16ರ ವೇಳೆಗೆ ಶೇ 48.1ಕ್ಕೆ ಇಳಿದಿತ್ತು. ಇದು ಸಂತೋಷದ ಸುದ್ದಿಯೆಂದು ತೋರಬಹುದು. ಆದರೆ ಬಾಲ್ಯದಲ್ಲಿ ಸೋಂಕು ತಗುಲದ ಯುವಜನರಿಗೆ ಅದೇ ವೈರಾಣು ಮುಂದೆ ಲೈಂಗಿಕ ಸಂಪರ್ಕದಿಂದ, ದೇಹದ ಬೇರೆಡೆಯಲ್ಲಿ ಅಂಟುತ್ತಿದೆ. ಜನನಾಂಗದ ಹರ್ಪಿಸ್ ಇರುವ, 15ರಿಂದ 49ರ ವಯಸ್ಸಿನ 84.6 ಕೋಟಿ ಜನರ ಪೈಕಿ 37.6 ಕೋಟಿ ಮಂದಿಗೆ ತಗುಲಿರುವುದು ಈ ಮೊದಲ ಬಗೆಯೇ ಎಂದು 2020ರ ಅಂದಾಜು ಹೇಳುತ್ತದೆ. ಗರ್ಭಿಣಿಗೆ ದಿನ ತುಂಬುವ ಹೊತ್ತಿನಲ್ಲಿ ಹೊಸದಾಗಿ ಸೋಂಕು ತಗುಲಿದರೆ ನವಜಾತ ಶಿಶುವಿನ ಪ್ರಾಣಕ್ಕೇ ಅಪಾಯ. ಜೀವನಮಟ್ಟದ ಏರಿಕೆ ವೈರಾಣುವನ್ನು ಓಡಿಸಲಿಲ್ಲ, ಅದರ ಭೇಟಿಯನ್ನು ಮುಂದೂಡಿತು. ತಡವಾದ ಭೇಟಿ ಕೆಲವೊಮ್ಮೆ ಹೆಚ್ಚು ದುಬಾರಿ. ಆದ್ದರಿಂದಲೇ ಲಸಿಕೆಯ ಶೋಧ ಬಡ ದೇಶಗಳದಷ್ಟೇ ಅಲ್ಲ, ಶ್ರೀಮಂತ ದೇಶಗಳ ಅಗತ್ಯವೂ ಹೌದು. ಬಳಕೆಗೆ ಅನುಮೋದನೆ ಪಡೆದ ಲಸಿಕೆ ಇನ್ನೂ ಬಂದಿಲ್ಲ.

ಎರಡನೆಯ ಬಗೆಯಲ್ಲಿ ಇನ್ನೊಂದು ಅಸಮಾನತೆ ಇದೆ. 2016ರ ಅಂದಾಜಿನಂತೆ ಅದು 31.3 ಕೋಟಿ ಮಹಿಳೆಯರಲ್ಲಿದ್ದರೆ, ಪುರುಷರಲ್ಲಿ 17.8 ಕೋಟಿ. ದೇಹರಚನೆಯ ಕಾರಣದಿಂದ ಸೋಂಕು ಪುರುಷನಿಂದ ಹೆಣ್ಣಿಗೆ ದಾಟುವುದು ಸುಲಭ. ಆದರೂ ರೋಗದ ಕಳಂಕವನ್ನು ಹೊತ್ತು, ಸಂಸಾರದಲ್ಲಿ ಸಂಶಯಕ್ಕೆ ಗುರಿಯಾಗುವವಳು ಬಹುತೇಕ ಅವಳೇ. ಸೋಂಕಿತರಲ್ಲಿ ಹೆಚ್ಚಿನವರಿಗೆ ಲಕ್ಷಣಗಳೇ ಇರುವುದಿಲ್ಲ, ವರ್ಷಗಟ್ಟಲೆ ಅಡಗಿದ್ದು ಕಾಣಿಸಿಕೊಳ್ಳುವ ಗುಳ್ಳೆಯಿಂದ ಸೋಂಕು ಯಾವಾಗ, ಯಾರಿಂದ ಬಂತೆಂದು ಹೇಳಲಾಗದು ಎಂಬ ಸರಳ ಸತ್ಯ ತಿಳಿದರೆ ಎಷ್ಟೋ ಮನೆಗಳ ನೆಮ್ಮದಿ ಉಳಿದೀತು.

ಸೋಂಕು ಶೀಲದ ಪ್ರಮಾಣಪತ್ರವಲ್ಲ. ನಾವು ಎಂಥ ಮನೆಯಲ್ಲಿ, ಯಾರ ನಡುವೆ, ಯಾವ ಕಾಲದಲ್ಲಿ ಬೆಳೆದೆವೆಂಬುದರ ಗುರುತು. ಬರ್ನೆಟ್ 1939ರಲ್ಲಿ ಕೋಳಿಮೊಟ್ಟೆಯ ಪೊರೆಯ ಮೇಲೆ ಓದಿದ್ದು ಇದನ್ನೇ. ಮುಂದೆ ಅವರೇ ಅದನ್ನು ಮರೆತ ಗಳಿಗೆಯೂ ಇತ್ತೆಂಬುದು, ಜನರನ್ನು ಅಂಕಿಗಳಾಗಿ ಎಣಿಸುವ ಕೆಲಸದಲ್ಲಿರುವ ಎಲ್ಲರೂ ನೆನಪಿಡಬೇಕಾದ ಸಂಗತಿ.