ಲೂಯಿಸಾ ಮೇ ಆಲ್ಕಾಟ್: ಹದಿಹರೆಯದ ಓದುಗರ ಲೇಖಕಿ

ಹದಿಹರೆಯದವರ ಕಾದಂಬರಿಗಳ ಮಾತು ಬಂದಾಗ ನೆನಪಾಗುವ ಹೆಸರುಗಳಲ್ಲಿ ಅಮೆರಿಕದ ಲೂಯಿಸಾ ಮೇ ಆಲ್ಕಾಟ್ ಅವರದು ಮುಖ್ಯವಾದುದು. 1832ರ ನವೆಂಬರ್ 29ರಂದು ಪೆನ್ಸಿಲ್ವೇನಿಯಾ ರಾಜ್ಯದ ಜರ್ಮನ್‌ಟೌನ್‌ನಲ್ಲಿ ಜನಿಸಿದ ಅವರು, ನಾಲ್ವರು ಹೆಣ್ಣುಮಕ್ಕಳಲ್ಲಿ ಎರಡನೆಯವರು. ಬೆಳೆದದ್ದು ಬಾಸ್ಟನ್ ಮತ್ತು ಕಾಂಕರ್ಡ್ ಊರುಗಳಲ್ಲಿ. ತಂದೆ ಬ್ರಾನ್ಸನ್ ಆಲ್ಕಾಟ್ ಆದರ್ಶವಾದಿ ಶಿಕ್ಷಕರು. ಮನೆಯಲ್ಲಿ ವಿಚಾರಗಳಿಗೆ ಬರವಿರಲಿಲ್ಲ, ಹಣಕ್ಕೆ ಇತ್ತು. ಸಂಸಾರ ಸಾಗಿಸಲು ಲೂಯಿಸಾ ಹೊಲಿಗೆ ಮಾಡಿದರು, ಪಾಠ ಹೇಳಿದರು, ಮನೆಗೆಲಸಕ್ಕೂ ಹೋದರು. 1858ರಲ್ಲಿ ತಂಗಿ ಎಲಿಜಬೆತ್ ತೀರಿಕೊಂಡರು. ಅಂತರ್ಯುದ್ಧದ ಕಾಲದಲ್ಲಿ, 1862ರ ಕೊನೆಗೆ, ವಾಷಿಂಗ್ಟನ್ ನಗರದ ಸೈನಿಕ ಆಸ್ಪತ್ರೆಗೆ ದಾದಿಯಾಗಿ ಹೋದ ಅವರು ಕೆಲವೇ ವಾರಗಳಲ್ಲಿ ವಿಷಮಶೀತಜ್ವರಕ್ಕೆ ತುತ್ತಾದರು. ಆಮೇಲೆ ಆರೋಗ್ಯ ಮೊದಲಿನಂತಾಗಲಿಲ್ಲ.

ಪ್ರಕಾಶಕ ಥಾಮಸ್ ನೈಲ್ಸ್ ಹುಡುಗಿಯರಿಗಾಗಿ ಒಂದು ಪುಸ್ತಕ ಕೇಳಿದಾಗ ಲೂಯಿಸಾಗೆ ಮನಸ್ಸಿರಲಿಲ್ಲ. ಆದರೂ ಒಪ್ಪಿ, ತಮಗೆ ಚೆನ್ನಾಗಿ ಗೊತ್ತಿದ್ದ ಅಕ್ಕತಂಗಿಯರ ಬದುಕನ್ನೇ ಕಥೆಯಾಗಿಸಿದರು. ಮೊದಲ ಅಧ್ಯಾಯಗಳು ನೀರಸವೆಂದು ಅವರಿಗೂ ಪ್ರಕಾಶಕರಿಗೂ ಅನ್ನಿಸಿತು. ಅಚ್ಚಿಗೆ ಮೊದಲೇ ಅದನ್ನು ಓದಿದ ಹುಡುಗಿಯರು ಮಾತ್ರ ಬಹಳ ಮೆಚ್ಚಿಕೊಂಡರು. 1868ರಲ್ಲಿ ‘ಲಿಟಲ್ ವಿಮೆನ್’ ಪ್ರಕಟವಾಗಿ ಕೂಡಲೇ ಜನಪ್ರಿಯವಾಯಿತು.

ಕಾರಣ ಸರಳ. ಆ ಕಾಲದ ಮಕ್ಕಳ ಪುಸ್ತಕಗಳಲ್ಲಿ ನೀತಿಬೋಧೆಯೇ ಹೆಚ್ಚು. ಇಲ್ಲಿಯೂ ನೀತಿ ಇತ್ತು. ಆದರೆ ಇಲ್ಲಿನ ಹುಡುಗಿಯರು ಜಗಳವಾಡುತ್ತಾರೆ, ಹೊಟ್ಟೆಕಿಚ್ಚು ಪಡುತ್ತಾರೆ, ಬಡತನಕ್ಕೆ ನಾಚುತ್ತಾರೆ, ತಂಗಿಯ ಸಾವಿಗೆ ಅಳುತ್ತಾರೆ. ಮುಂಗೋಪಿ ಜೋ ಬರಹಗಾರ್ತಿಯಾಗುವ ಕನಸು ಕಾಣುತ್ತಾಳೆ. ಬಾಲ್ಯ ಮುಗಿದು ಪ್ರೌಢತನ ಇನ್ನೂ ಬಾರದ ವಯಸ್ಸಿನವರಿಗೆ ತಮ್ಮ ಮನಸ್ಸೇ ಅಲ್ಲಿ ಕಂಡಿತು. ನೆರೆಮನೆಯ ಲಾರಿಯನ್ನು ಜೋ ಮದುವೆಯಾಗಬೇಕೆಂದು ಓದುಗರು ಪತ್ರ ಬರೆದು ಒತ್ತಾಯಿಸಿದರು. ಲೂಯಿಸಾ ಮಣಿಯಲಿಲ್ಲ, 1869ರ ಎರಡನೇ ಭಾಗದಲ್ಲಿ ಜೋಗೆ ಬೇರೆ ವರನನ್ನೇ ತಂದರು. ಸ್ವತಃ ಅವಿವಾಹಿತರಾಗಿಯೇ ಉಳಿದರು.

ಪುಸ್ತಕದ ಹಣದಿಂದ ಮನೆಯ ಸಾಲ ತೀರಿತು. 1879ರಲ್ಲಿ ಶಾಲಾ ಸಮಿತಿಯ ಚುನಾವಣೆಗೆ ಮತದಾರರಾಗಿ ಹೆಸರು ನೋಂದಾಯಿಸಿದ ಕಾಂಕರ್ಡ್‌ನ ಮೊದಲ ಮಹಿಳೆ ಅವರೇ. ಅದೇ ವರ್ಷ ಕಿರಿಯ ತಂಗಿ ಮೇ ಹೆರಿಗೆಯ ಬಳಿಕ ಸಾವಿಗೀಡಾದಾಗ ಆಕೆಯ ಮಗುವನ್ನು ಸಾಕಿದರು. 1888ರ ಮಾರ್ಚ್ 6ರಂದು, ತಂದೆ ತೀರಿಕೊಂಡ ಎರಡೇ ದಿನಕ್ಕೆ, 55ನೆಯ ವಯಸ್ಸಿನಲ್ಲಿ ನಿಧನರಾದರು.

ದೊಡ್ಡವರಿಗೆ ನೀರಸವೆನಿಸಿದ ಪುಸ್ತಕದ ಬೆಲೆ ತಿಳಿದದ್ದು, ಅದು ಯಾರಿಗಾಗಿ ಬರೆದದ್ದೋ ಆ ಹುಡುಗಿಯರಿಗೆ. ಶಾಲೆಯ ಗ್ರಂಥಾಲಯಕ್ಕೆ ಪುಸ್ತಕ ಕೊಳ್ಳುವಾಗ ಮಕ್ಕಳನ್ನೂ ಒಂದು ಮಾತು ಕೇಳುವುದು ಒಳ್ಳೆಯದು.