ಗೋಕಾಕದ ಹಳ್ಳದಲ್ಲಿ ಖಡ್ಗಮೃಗ ಕಂಡ ರಾಬರ್ಟ್ ಬ್ರೂಸ್ ಫೂಟ್

ಕಲಬುರಗಿ: ಮೋಮಿನಪುರದಂತಹ ಹಳೆಯ ಬಡಾವಣೆಗಳ ಮನೆಗಳಲ್ಲಿ ನೆಲಕ್ಕೆ ಹಾಸಿದ ಶಹಾಬಾದ್ ಪರ್ಸಿಯನ್ನು ಎಷ್ಟು ದಿಟ್ಟಿಸಿದರೂ ಒಂದು ಎಲುಬಾಗಲಿ, ಶಂಖವಾಗಲಿ ಕಾಣಿಸುವುದಿಲ್ಲ. ಸಮುದ್ರದ ತಳದಲ್ಲಿ ಈ ಸುಣ್ಣದ ಕೆಸರು ಪದರ ಪದರವಾಗಿ ಕೂತ ಕಾಲಕ್ಕೆ ಭೂಮಿಯ ಮೇಲೆ ಎಲುಬು ಇರುವ ಜೀವಿಗಳೇ ಇರಲಿಲ್ಲ. ಭೂವಿಜ್ಞಾನಿಗಳು ಭೀಮಾ ಶ್ರೇಣಿ ಎಂದು ಕರೆಯುವ ಈ ಶಿಲೆಗಳನ್ನು ವಿಸ್ತಾರವಾಗಿ ವಿವರಿಸಿದ ಆರಂಭದ ಗ್ರಂಥಗಳಲ್ಲಿ ಒಂದು 1876ರಲ್ಲಿ ಪ್ರಕಟವಾಯಿತು. ದಕ್ಷಿಣ ಮರಾಠಾ ಸೀಮೆ ಹಾಗೂ ಅದಕ್ಕೆ ಹೊಂದಿದ ಜಿಲ್ಲೆಗಳ ಭೂಲಕ್ಷಣಗಳ ಕುರಿತಾದ ಆ ಗ್ರಂಥದ ಕರ್ತೃ ರಾಬರ್ಟ್ ಬ್ರೂಸ್ ಫೂಟ್.

ಫೂಟ್ ಅವರನ್ನು ಭಾರತದ ಪ್ರಾಗಿತಿಹಾಸದ ಪಿತಾಮಹ ಎಂದು ಕರೆಯುವುದು ರೂಢಿ. ಆದರೆ ಆ ಶಾಸ್ತ್ರಕ್ಕಾಗಿ ಅವರಿಗೆ ಯಾರೂ ಸಂಬಳ ಕೊಡುತ್ತಿರಲಿಲ್ಲ ಎಂಬುದನ್ನು ಮರೆಯುವಂತಿಲ್ಲ. ಸರ್ಕಾರ ಅವರಿಂದ ಬಯಸಿದ್ದು ನಕ್ಷೆ, ಶಿಲೆ ಮತ್ತು ಖನಿಜದ ಲೆಕ್ಕ. ಆದಿಮಾನವನ ಕಲ್ಲಿನ ಆಯುಧಗಳನ್ನು ಆಯುವುದು ಅವರು ತಾವಾಗಿಯೇ ಹಚ್ಚಿಕೊಂಡ ಗೀಳು. ಉದ್ಯೋಗದಲ್ಲಿ ಭೂವಿಜ್ಞಾನಿ, ಹವ್ಯಾಸದಲ್ಲಿ ಪ್ರಾಗಿತಿಹಾಸಕಾರ. ಕೊನೆಗೆ ಹವ್ಯಾಸವೇ ಉದ್ಯೋಗಕ್ಕಿಂತ ದೊಡ್ಡ ಹೆಸರು ತಂದಿತು.

ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ 1834ರಲ್ಲಿ ಜನಿಸಿದ ಫೂಟ್, 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಸೇರಿ ಮದ್ರಾಸ್ ಪ್ರಾಂತ್ಯಕ್ಕೆ ನೇಮಕಗೊಂಡರು. ಆ ಹೊತ್ತಿಗೆ ಯೂರೋಪಿನಲ್ಲಿ ಮನುಷ್ಯನ ವಯಸ್ಸಿನ ಪ್ರಶ್ನೆ ಬಿಸಿಯೇರಿತ್ತು. ಫ್ರಾನ್ಸಿನ ಅಬೆವಿಲ್ ಊರಿನ ಸುಂಕದ ಅಧಿಕಾರಿ ಬೂಶೆ ದ ಪೆರ್ತ್ ನದಿಯ ಜಲ್ಲಿಪದರದಲ್ಲಿ ಅಳಿದುಹೋದ ಪ್ರಾಣಿಗಳ ಎಲುಬುಗಳ ಜೊತೆಗೆ ಕಲ್ಲಿನ ಆಯುಧಗಳಿವೆ ಎಂದು ವರ್ಷಗಟ್ಟಲೆ ಹೇಳುತ್ತ ಬಂದಿದ್ದರೂ ವಿದ್ವಾಂಸರು ನಕ್ಕಿದ್ದರು. 1859ರಲ್ಲಿ ಇಂಗ್ಲೆಂಡಿನ ಪರಿಣತರು ಸ್ಥಳಕ್ಕೇ ಹೋಗಿ ನೋಡಿದ ಮೇಲೆ ಆ ನಗೆ ನಿಂತಿತು. ಆತನೂ ಹವ್ಯಾಸಿಯೇ. ಈ ಸುದ್ದಿ ಫೂಟ್ ಅವರ ಕಣ್ಣನ್ನು ತಿದ್ದಿತ್ತು.

1863ರ ಮೇ 30ರಂದು ಮದ್ರಾಸಿನ ಸಮೀಪದ ಪಲ್ಲಾವರಂನಲ್ಲಿ ಜಂಬಿಟ್ಟಿಗೆಯ ಜಲ್ಲಿಯಿದ್ದ ಗುಂಡಿಯೊಂದರಲ್ಲಿ ಅವರಿಗೆ ಮನುಷ್ಯನ ಕೈಯಿಂದ ಕೆತ್ತಿದ ಕಲ್ಲೊಂದು ದೊರೆಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸಹೋದ್ಯೋಗಿ ವಿಲಿಯಂ ಕಿಂಗ್ ಅವರೊಡನೆ ಅತ್ತಿರಂಪಾಕ್ಕಂಗೆ ಹೋದಾಗ ಅಂತಹ ಕೈಗೊಡಲಿಗಳು ರಾಶಿಯಾಗಿ ಸಿಕ್ಕವು. ಆಗ ಫೂಟ್ ಅವರಿಗೆ ಇನ್ನೂ 29 ವರ್ಷ. ಅಲ್ಲಿಯವರೆಗೆ ಭಾರತದ ಇತಿಹಾಸ ವೇದ, ಪುರಾಣ, ಶಾಸನಗಳ ಆಚೆಗೆ ಹೋಗಿರಲಿಲ್ಲ. ಒಂದು ಬೇಸಿಗೆ ಮತ್ತು ಒಂದು ಮಳೆಗಾಲದೊಳಗೆ ಅದು ಲಕ್ಷಾಂತರ ವರ್ಷ ಹಿಂದಕ್ಕೆ ಸರಿಯಲು ದಾರಿಯಾಯಿತು. ಲಕ್ಷಗಳ ಲೆಕ್ಕ ಬಂದದ್ದು ಬಹಳ ನಂತರ. ಫೂಟ್ ಅವರ ಕಾಲದಲ್ಲಿ ವಯಸ್ಸು ಅಳೆಯುವ ಸಾಧನವೇ ಇರಲಿಲ್ಲ. ಪದರಗಳ ದಪ್ಪ ಹಾಗೂ ಅವುಗಳಲ್ಲಿ ಹುದುಗಿದ ಪ್ರಾಣಿಗಳ ಎಲುಬು, ಇವೆರಡೇ ಅವರ ಗಡಿಯಾರ.

ಆದ್ದರಿಂದಲೇ ಎಲುಬಿನ ಹುಡುಕಾಟಕ್ಕೆ ಅಷ್ಟು ಬೆಲೆ. ಕಲ್ಲಿನ ಆಯುಧ ಎಷ್ಟು ಹಳೆಯದೆಂದು ಹೇಳಬೇಕಾದರೆ ಅದರ ಪಕ್ಕದಲ್ಲಿ ಇಂದು ಈ ನೆಲದಲ್ಲಿಲ್ಲದ ಪ್ರಾಣಿಯೊಂದರ ಹಲ್ಲಾದರೂ ಬೇಕು. ದಕ್ಷಿಣ ಭಾರತದ ಮಣ್ಣು ಈ ವಿಷಯದಲ್ಲಿ ಜಿಪುಣ. ನದಿಪದರಗಳಲ್ಲಿ ಕಲ್ಲು ಉಳಿಯುತ್ತದೆ, ಎಲುಬು ಕರಗಿಹೋಗುತ್ತದೆ.

ಈ ಜಿಪುಣತನಕ್ಕೆ ಒಮ್ಮೆ ಅಪವಾದ ಎದುರಾದದ್ದು ಕನ್ನಡ ನೆಲದಲ್ಲೇ. ಬೆಳಗಾವಿ ಜಿಲ್ಲೆಯ ಗೋಕಾಕ ಬಳಿಯ ಚಿಕ್‌ದೌಳಿ ಎಂಬಲ್ಲಿ ಹಳ್ಳದ ಜೇಡಿಪದರದಿಂದ ಫೂಟ್ ಖಡ್ಗಮೃಗದ ಪಳೆಯುಳಿಕೆಗಳನ್ನು ಹೊರತೆಗೆದರು. ಅದು ಅದುವರೆಗೆ ವಿಜ್ಞಾನಕ್ಕೆ ತಿಳಿಯದಿದ್ದ ಪ್ರಭೇದವೆಂದು ನಿರ್ಣಯಿಸಿ, 1874ರಲ್ಲಿ ಸರ್ವೇಕ್ಷಣಾ ಇಲಾಖೆಯ ಪಳೆಯುಳಿಕೆ ಗ್ರಂಥಮಾಲೆಯಲ್ಲಿ ಅದಕ್ಕೆ ರೈನೋಸೆರಸ್ ಡೆಕ್ಕನೆನ್ಸಿಸ್ ಎಂದು, ಅಂದರೆ ದಖ್ಖನ್ನಿನ ಖಡ್ಗಮೃಗವೆಂದು, ಹೆಸರಿಟ್ಟರು. ಇಂದು ಖಡ್ಗಮೃಗ ನೋಡಬೇಕಾದರೆ ಕನ್ನಡಿಗರು ಅಸ್ಸಾಮಿಗೋ ಮೃಗಾಲಯಕ್ಕೋ ಹೋಗಬೇಕು. ಘಟಪ್ರಭೆಯ ಸೀಮೆಯಲ್ಲಿ, ಈಗ ಕಬ್ಬು ಬೆಳೆಯುವ ನೆಲದಲ್ಲಿ, ಒಂದು ಕಾಲಕ್ಕೆ ಅದು ಮೇಯುತ್ತಿತ್ತೆಂದರೆ ಅಲ್ಲಿ ನೀರು, ಜೊಂಡು, ಕೆಸರಿನ ಮಡುಗಳು ಇದ್ದವೆಂದೇ ಅರ್ಥ. ಒಂದು ದವಡೆಯಿಂದ ಒಂದು ಹವಾಮಾನವನ್ನೇ ಓದಬಹುದು.

ಘಟಪ್ರಭೆ ಮತ್ತು ಮಲಪ್ರಭೆಯ ಜಲ್ಲಿಪದರಗಳಲ್ಲಿ ಕೈಗೊಡಲಿಗಳನ್ನೂ ಅವರು ಗುರುತಿಸಿದರು. ಸುರಪುರ ಸೀಮೆಯಲ್ಲಿ ಅವರಿಗಿಂತ ಮೊದಲೇ ಕ್ಯಾಪ್ಟನ್ ಮೆಡೋಸ್ ಟೇಲರ್ ಜೇವರ್ಗಿ ಮುಂತಾದೆಡೆ ಕಲ್ಲುಗೋರಿಗಳನ್ನು ತೆರೆದು, ಅಡ್ಡಸೀಳಿಕೆಯ ಚಿತ್ರ ಬರೆದು ಪ್ರಕಟಿಸಿದ್ದರು. ಆದರೆ ಟೇಲರ್ ಕಂಡದ್ದು ಕಬ್ಬಿಣ ಬಲ್ಲ ಜನರನ್ನು. ಫೂಟ್ ಹುಡುಕುತ್ತಿದ್ದುದು ಅದಕ್ಕಿಂತ ಬಹಳ ಆಳದ ಕಾಲವನ್ನು.

ಬಳ್ಳಾರಿ ಫೂಟ್ ಅವರಿಗೆ ಎರಡನೆಯ ತವರಿನಂತಾಯಿತು. ನಗರದ ಸಮೀಪದ ಕುಪ್ಪಗಲ್ಲು ಗುಡ್ಡದಲ್ಲಿ ಡಾಲರೈಟ್ ಎಂಬ ಕರಿಕಲ್ಲಿನ ದಿಂಡೊಂದು ಹಾದುಹೋಗಿದೆ. ಜಿಲ್ಲೆಯ ಎಂಜಿನಿಯರ್ ವಿಲಿಯಂ ಫ್ರೇಸರ್ 1872ರಲ್ಲಿ ಪತ್ತೆಹಚ್ಚಿದ ಈ ನೆಲೆ ನವಶಿಲಾಯುಗದ ಕೊಡಲಿ ತಯಾರಿಕೆಯ ಕಾರ್ಖಾನೆಯೆಂದು ಫೂಟ್ ವಿವರಿಸಿದರು. ಆಗತಾನೇ ಒಡೆದ ಒರಟು ಕಲ್ಲು, ಅರ್ಧ ಕೆತ್ತಿದ್ದು, ಕೆತ್ತುವಾಗ ಮುರಿದು ಬಿಸಾಡಿದ್ದು, ಉಜ್ಜಿ ನುಣುಪು ಮಾಡಿದ್ದು ಹೀಗೆ ಕೆಲಸದ ಎಲ್ಲ ಹಂತಗಳೂ ಅಲ್ಲಿ ಬಿದ್ದಿದ್ದವು. ಅಂದವಾದ ಪೂರ್ಣ ಕೊಡಲಿಗಳನ್ನು ಮಾತ್ರ ಎತ್ತಿಕೊಳ್ಳುವ ಸಂಗ್ರಾಹಕರ ನಡುವೆ, ಕೆಟ್ಟು ಬಿಸಾಡಿದ ಕಲ್ಲಿಗೂ ಬೆಲೆ ಕೊಟ್ಟದ್ದು ಫೂಟ್ ಅವರ ದೊಡ್ಡತನ.

ಇದೇ ಸೀಮೆಯ ಬೂದಿದಿಬ್ಬಗಳ ಮೇಲೂ ಅವರ ಕಣ್ಣು ಬಿತ್ತು. ಭೀಮಸೇನ ಹಿಡಿಂಬಾಸುರನನ್ನು ಸುಟ್ಟ ಬೂದಿ ಇದು ಎಂದು ಜನ ನಂಬಿದ್ದರು. ಜ್ವಾಲಾಮುಖಿಯ ಬೂದಿಯಿರಬೇಕು ಎಂದೂ ಕೆಲವರು ಊಹಿಸಿದ್ದರು. ದನದ ಸೆಗಣಿ ರಾಶಿ ಸುಟ್ಟು ಉಂಟಾದದ್ದೆಂಬ ವಿವರಣೆಯ ಪರ ನಿಂತವರಲ್ಲಿ ಫೂಟ್ ಪ್ರಮುಖರು. ಇಪ್ಪತ್ತನೆಯ ಶತಮಾನದ ಉತ್ಖನನಗಳು ಅವರ ಮಾತನ್ನೇ ಎತ್ತಿಹಿಡಿದವು. ಸುರಪುರ ಸೀಮೆಯ ಬೂದಿಹಾಳದಲ್ಲಿ 1990ರ ದಶಕದಲ್ಲಿ ಕೆ. ಪದ್ದಯ್ಯ ನಡೆಸಿದ ಅಗೆತದಲ್ಲಿ ದನದ ಹಟ್ಟಿಯ ಪಕ್ಕದಲ್ಲೇ ಜನ ವಾಸವಿದ್ದುದು ಸ್ಪಷ್ಟವಾಯಿತು.

ಇಷ್ಟೆಲ್ಲ ಸಿಕ್ಕರೂ ಮುಖ್ಯವಾದುದು ಸಿಕ್ಕಿರಲಿಲ್ಲ. ಕಲ್ಲು ಕೆತ್ತಿದ ಮನುಷ್ಯನೇ ಎಲ್ಲಿ? ಕರ್ನೂಲು ಜಿಲ್ಲೆಯ ಬೇತಂಚೆರ್ಲ ಬಳಿಯ ಬಿಲ್ಲ ಸುರ್ಗಂ ಗವಿಗಳಲ್ಲಿ ಕ್ಯಾಪ್ಟನ್ ನ್ಯೂಬೋಲ್ಡ್ 1844ರಲ್ಲಿ ಎಲುಬುಗಳನ್ನು ಕಂಡಿದ್ದರು. ಸುಣ್ಣಕಲ್ಲಿನ ಗವಿಯಾದ್ದರಿಂದ ಅಲ್ಲಿ ಎಲುಬು ಉಳಿಯುವ ಸಂಭವ ಹೆಚ್ಚು. ಲಂಡನ್ನಿನ ಜೀವವಿಜ್ಞಾನಿ ಥಾಮಸ್ ಹೆನ್ರಿ ಹಕ್ಸ್‌ಲಿ ಈ ಗವಿಗಳನ್ನು ಶೋಧಿಸುವಂತೆ ಮದ್ರಾಸಿನ ಗವರ್ನರ್ ಗ್ರಾಂಟ್ ಡಫ್ ಅವರಿಗೆ ಸೂಚಿಸಿದ ಮೇಲೆ ಕೆಲಸ ಫೂಟ್ ಅವರ ಪಾಲಿಗೆ ಬಂತು. 1880ರ ದಶಕದ ನಡುವೆ ಅವರು ಆರಂಭಿಸಿದ ಅಗೆತವನ್ನು ಮಗ, ಸೇನೆಯಲ್ಲಿದ್ದ ಲೆಫ್ಟಿನೆಂಟ್ ಹೆನ್ರಿ ಬ್ರೂಸ್ ಫೂಟ್, ಮುಂದುವರಿಸಿದರು. ಗವಿಯ ಕೆಮ್ಮಣ್ಣನ್ನು ಪದರ ಪದರವಾಗಿ ಕೆದಕಿ ಸಾವಿರಾರು ಎಲುಬು, ಹಲ್ಲುಗಳನ್ನು ಹೊರತೆಗೆಯಲಾಯಿತು. ರಿಚರ್ಡ್ ಲೈಡೆಕ್ಕರ್ ಅವುಗಳನ್ನು ಪರಿಶೀಲಿಸಿ 1886ರಲ್ಲಿ ವರದಿ ಮಾಡಿದರು. ಖಡ್ಗಮೃಗ ಇತ್ತು, ಇಂದು ಆಫ್ರಿಕದಲ್ಲಿ ಮಾತ್ರ ಇರುವ ಚುಕ್ಕೆ ಕತ್ತೆಕಿರುಬದಂತಹ ಪ್ರಾಣಿಗಳೂ ಇದ್ದವು. ಫೂಟ್ ಬಯಸಿದ ಆದಿಮಾನವನ ಎಲುಬು ಮಾತ್ರ ಇರಲಿಲ್ಲ. ಕೆಲವು ಎಲುಬುಗಳನ್ನು ಮನುಷ್ಯ ಕೆತ್ತಿ ಉಪಕರಣ ಮಾಡಿದ್ದಾನೆ ಎಂಬ ತೀರ್ಮಾನಕ್ಕೆ ತಂದೆ, ಮಗ ತೃಪ್ತಿಪಡಬೇಕಾಯಿತು. ಆ ತೀರ್ಮಾನವನ್ನೂ ಎಲ್ಲರೂ ಒಪ್ಪಲಿಲ್ಲ.

1891ರಲ್ಲಿ ನಿವೃತ್ತರಾದ ಫೂಟ್ ಬರೋಡಾ ಸಂಸ್ಥಾನಕ್ಕಾಗಿ ದುಡಿದರು. 1894ರಲ್ಲಿ ಸ್ಥಾಪನೆಯಾದ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯನ್ನು ಮೊದಲು ಮುನ್ನಡೆಸಿದವರೂ ಅವರೇ. ಬಳ್ಳಾರಿ ಜಿಲ್ಲೆಯ ಭೂವಿಜ್ಞಾನದ ಕುರಿತ ಅವರ ಗ್ರಂಥ 1895ರಲ್ಲಿ ಹೊರಬಂತು. ಸೊಂಡೂರಿನ ಕಬ್ಬಿಣದ ಅದಿರಿನ ಸಂಪತ್ತನ್ನು ದಾಖಲಿಸಿದ ಆ ಪುಟಗಳಿಂದ ಮುಂದೆ ಬೇರೆಯವರು ಏನೇನು ಗಳಿಸಿದರೆಂಬುದು ಈ ಭಾಗದ ಓದುಗರಿಗೆ ಹೇಳಬೇಕಿಲ್ಲ.

ನಾಲ್ಕು ದಶಕ ಆಯ್ದ ಕಲ್ಲು, ಮಡಕೆಚೂರುಗಳೊಂದಿಗೆ ಅವರು ಸೇಲಂ ಬಳಿಯ ಯೇರ್ಕಾಡ್ ಬೆಟ್ಟದಲ್ಲಿ ನೆಲೆಸಿದರು. ಸಂಗ್ರಹವನ್ನು ವಿದೇಶಕ್ಕೆ ಸಾಗಿಸದೆ 1904ರಲ್ಲಿ ಮದ್ರಾಸ್ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಮಾರಿದರು. ಬಳಿಕ ಪ್ರತಿ ವಸ್ತು ಯಾವ ಊರಿನದು, ಎಂತಹ ನೆಲೆಯದು ಎಂಬ ವಿವರಪಟ್ಟಿ ಸಿದ್ಧಪಡಿಸುವುದೇ ವೃದ್ಧಾಪ್ಯದ ಕೆಲಸವಾಯಿತು. ಆ ಪಟ್ಟಿ 1914ರಲ್ಲಿ, ಅದರ ಟಿಪ್ಪಣಿಗಳು 1916ರಲ್ಲಿ ಅಚ್ಚಾದವು. ಅವುಗಳನ್ನು ಕೈಯಲ್ಲಿ ಹಿಡಿಯುವ ಭಾಗ್ಯ ಅವರಿಗಿರಲಿಲ್ಲ. 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ಅವರು ನಿಧನರಾದರು.

ಎಲುಬಿನ ಗಡಿಯಾರ ಕನ್ನಡ ನೆಲದಲ್ಲಿ ಕೊನೆಗೆ ನಡೆಯತೊಡಗಿದ್ದು ಹುಣಸಗಿ ಬಳಿಯ ಇಸಾಂಪುರದಲ್ಲಿ. ಪದ್ದಯ್ಯ ಮತ್ತು ಸಂಗಡಿಗರು ಅಲ್ಲಿ ಅಗೆದಾಗ ಕೈಗೊಡಲಿ ಕೆತ್ತುವ ಕಮ್ಮಟದ ನಡುವೆಯೇ ದನದ ಜಾತಿಯ ಪ್ರಾಣಿಯ ಹಲ್ಲುಗಳು ದೊರೆತವು. ಅವುಗಳ ಪರೀಕ್ಷೆ ಸುಮಾರು 12 ಲಕ್ಷ ವರ್ಷ ಎಂದು ಸೂಚಿಸಿತು. ಅಲ್ಲಿ ಕೆತ್ತಲು ಬಳಸಿದ್ದು ಸುಣ್ಣಕಲ್ಲನ್ನೇ. ಬಳ್ಳಾರಿಯಲ್ಲಿ ಸಂಗನಕಲ್ಲು ಪರಿಸರದ ಸಂಶೋಧನೆಯ ಫಲಗಳನ್ನು ಇರಿಸಿದ ವಸ್ತುಸಂಗ್ರಹಾಲಯಕ್ಕೆ ಫೂಟ್ ಅವರ ಹೆಸರನ್ನಿಡಲಾಗಿದೆ. ಅವರು ನಡೆದಾಡಿದ ಕುಪ್ಪಗಲ್ಲು ಗುಡ್ಡದ ಒಂದಷ್ಟು ಭಾಗವನ್ನು ಮಾತ್ರ ಕಲ್ಲುಗಣಿಗಾರಿಕೆ ಕರಗಿಸಿದೆ.